ಸಾಗಹಾಕುವ ಗದಿಗೆಪ್ಪನ ಬಾಗಿಲು

ಏಳು ಓಣಿಗಳಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ ಎಂದು ನಾನೇ ಹೇಳಿಕೊಳ್ಳುವುದು ಶೋಭಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಇತ್ತೀಚೆಗೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಆ ಕೆಲಸವೂ ನನ್ನ ಹೆಗಲಿಗೇ ಬಿದ್ದಿದೆ. ನನ್ನ ಹೆಸರು ಗದಿಗೆಪ್ಪ. ಮನೆಬಾಗಿಲಿಗೆ ಬಂದು ಜೀವ ತಿನ್ನುವ ಮಾರಾಟಗಾರರನ್ನು ಸಾಗಹಾಕುವುದು ನನ್ನ ಉದ್ಯೋಗವಾಗಿತ್ತು. ಇಪ್ಪತ್ತೆರಡು ಸಾವಿರ ಜನರನ್ನು ಸಾಗಹಾಕಿದ್ದೇನೆ. ಎಣಿಸಿದವರು ಯಾರು ಎಂದು ಕೇಳಬೇಡಿ, ಎಣಿಸಲು ಬಂದವನನ್ನೂ ಸಾಗಹಾಕಿದ್ದೇನೆ.

ನಮ್ಮೂರ ಬಾಗಿಲುಗಳ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಬಡಿದವರಿಗಾಗಿ ಒಮ್ಮೆ ತೆರೆದ ಬಾಗಿಲು, ಬಡಿದವರು ತಾವಾಗಿ ಮನಸ್ಸು ಮಾಡಿ ಹೊರಡುವ ತನಕ ಮುಚ್ಚುವುದಿಲ್ಲ. ನನ್ನ ಸೋದರಮಾವ ಒಮ್ಮೆ ಸಿಟ್ಟಿಗೆದ್ದು ಹನ್ನೆರಡು ಜೋಡಿ ಎತ್ತು ಕಟ್ಟಿ ಎಳೆಸಿದ. ಗೋಡೆ ಬಂತು, ಬಾಗಿಲು ಬರಲಿಲ್ಲ. ಬಡಿದವನ ಕತ್ತು ಹಿಡಿದು ಆಚೆ ದಬ್ಬಿದರೂ ಪ್ರಯೋಜನವಿಲ್ಲ. ಅವನು ಊರ ಹೊರಗಿನ ಕಟ್ಟೆಯ ಮೇಲೆ ಮುನಿಸಿಕೊಂಡು ಕೂತಿರುವಷ್ಟು ಕಾಲ ಇಲ್ಲಿ ಬಾಗಿಲು ಬಾಯಿ ತೆರೆದೇ ಇರುತ್ತದೆ. ಅದಕ್ಕೇ ನಾವು ನಮ್ಮ ನಮ್ಮ ಮನೆಗೆ ಬರುವಾಗ ಬಡಿಯುವುದಿಲ್ಲ, ಕೆಮ್ಮುತ್ತೇವೆ. ಒಳಗಿನವರು ಕೆಮ್ಮು ಗುರುತಿಸಿ ಚಿಲಕ ತೆಗೆಯುತ್ತಾರೆ. ಹೊಸ ಸೊಸೆಗೆ ಅಡುಗೆಮನೆ ತೋರಿಸುವ ಮೊದಲು ಕೆಮ್ಮುವುದನ್ನು ಕಲಿಸುತ್ತಾರೆ, ಯಾಕೆಂದರೆ ಬಡಿದು ಒಳಗೆ ಬಂದ ಸೊಸೆ ಆ ಮನೆಯಲ್ಲಿ ಬಾಳುವಷ್ಟು ದಿನವೂ ಬಾಗಿಲು ಮುಚ್ಚುವುದಿಲ್ಲ. ಹಾಗಾದರೆ ಹೊರಗಿನವರು ಬಡಿದಾಗ ತೆರೆಯದೇ ಇದ್ದರಾಯಿತಲ್ಲ ಎನ್ನುತ್ತೀರಿ. ಬಾಗಿಲು ಬಡಿದ ಸದ್ದು ಕೇಳಿ, ಯಾರಿರಬಹುದು ಎಂದು ನೋಡದೆ ಕೂತಿರಬಲ್ಲವರು ನಮ್ಮೂರಿನಲ್ಲಿ ಹುಟ್ಟಿಲ್ಲ.

ಈ ಗುಟ್ಟು ಮಾರಾಟಗಾರರಿಗೆ ತಿಳಿದ ದಿನದಿಂದ ನಮ್ಮ ಕರ್ಮ ಶುರುವಾಯಿತು. ಕುಕ್ಕರಿನವರು, ಊದುಬತ್ತಿಯವರು, ಕೂದಲು ಬೆಳೆಸುವ ಎಣ್ಣೆಯವರು, ಕೂದಲು ಉದುರಿಸುವ ಪುಡಿಯವರು ಸಾಲುಗಟ್ಟಿ ಬಂದು ಬಡಿದು, ಚೌಕಟ್ಟಿಗೆ ಒರಗಿ ನಿಂತುಬಿಡುತ್ತಿದ್ದರು. ಕೊಂಡರೆ ಹೋಗುತ್ತಿದ್ದರು, ಇಲ್ಲವಾದರೆ ಇಲ್ಲ. ಅವರ ಹಿಂದೆಯೇ ಕಳ್ಳರೂ ಬಂದರು. ಒಬ್ಬ ಬಾಗಿಲಲ್ಲಿ ನಿಂತು ಮಾತಿಗೆಳೆಯುವುದು, ಮನೆಯವರು ಸುಸ್ತಾಗಿ ಕಣ್ಣು ಮುಚ್ಚುವಷ್ಟರಲ್ಲಿ ಇನ್ನೊಬ್ಬ ಒಳಗೆ ನುಗ್ಗಿ ತಾಮ್ರದ ಹಂಡೆ ಹೊತ್ತುಕೊಂಡು ಹೋಗುವುದು. ಆಗ ಓಣಿಯ ಹಿರಿಯರು ಕೂಡಿ ನನ್ನನ್ನು ನೇಮಿಸಿದರು. ಯಾವ ಮನೆಯ ಬಾಗಿಲಿಗೆ ಮಾರಾಟಗಾರ ಅಂಟಿಕೊಂಡರೂ ನನಗೆ ಕರೆ ಬರುತ್ತಿತ್ತು. ನಾನು ಹೋಗಿ ಹೊಸ್ತಿಲ ಮೇಲೆ ಕೂತು ಸಾಗಹಾಕಿ, ಆ ಮನೆಯ ರೊಟ್ಟಿ ತಿಂದು ಬರುತ್ತಿದ್ದೆ.

ನಮ್ಮ ವಿದ್ಯೆಯ ಮೊದಲ ಪಾಠವೆಂದರೆ 'ಬೇಡ' ಎನ್ನಬಾರದು. ಬೇಡ ಎಂದೊಡನೆ ಮಾರಾಟಗಾರನ ಕಾಲಿಗೆ ಬೇರು ಬರುತ್ತದೆ. ಯಾಕೆ ಬೇಡ, ಎಷ್ಟು ಬೇಡ, ಈಗ ಬೇಡವೋ ಎಂದೆಂದಿಗೂ ಬೇಡವೋ ಎಂದು ಚಿಗುರತೊಡಗುತ್ತಾನೆ. ನಾನು ಆ ಮಾತನ್ನು ನಾಲಿಗೆಯಿಂದಲೇ ಕಿತ್ತುಹಾಕಿದ್ದೆ. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಹಾಕಲೇ ಎಂದರೂ ಬೇಡ ಎಂದವನಲ್ಲ. ನನ್ನ ಆಯುಧವೇ ಬೇರೆ. ನನ್ನ ಬಗ್ಗೆ ನಾನೇ ಹೇಳುತ್ತಾ ಹೋಗುತ್ತಿದ್ದೆ, ಅಷ್ಟೆ. ನಮ್ಮಜ್ಜನ ಮೀಸೆಯಲ್ಲಿ ಗೊರವಂಕದ ಜೋಡಿಯೊಂದು ಮೂರು ಮಳೆಗಾಲ ಗೂಡು ಕಟ್ಟಿದ್ದನ್ನು ಶುರು ಮಾಡಿದರೆ, ಗಟ್ಟಿಮುಟ್ಟಾದ ಮಾರಾಟಗಾರನೂ ಮೊದಲ ಮೊಟ್ಟೆ ಒಡೆಯುವಷ್ಟರಲ್ಲಿ ಚೀಲ ಎತ್ತಿಕೊಳ್ಳುತ್ತಿದ್ದ. "ಬರ್ತೀನ್ರೀ ಯಜಮಾನ್ರ, ಬ್ಯಾರೆ ಕಡೆ ಹೋಗೂದೈತಿ" ಎಂದು ಅವನು ಮನಸಾರೆ ಬೆನ್ನು ತಿರುಗಿಸಿದೊಡನೆ, ಹಿಂದೆ ಬಾಗಿಲು ಮೆತ್ತಗೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆ ಸದ್ದಿನಷ್ಟು ಇಂಪಾದ ಸಂಗೀತ ನಾನು ಕೇಳಿಲ್ಲ.

ನನ್ನ ಕಥೆಗಳಿಗೆಲ್ಲ ಕಿರೀಟವಿದ್ದಂತೆ ಏಳು ದರೋಡೆಕೋರರ ಕಥೆ. ಹನ್ನೆರಡು ವರ್ಷದ ಹಿಂದೆ, ನಾನು ಈ ಉದ್ಯೋಗಕ್ಕೆ ಬರುವ ಮೊದಲು, ಹಾಡಹಗಲೇ ಏಳು ಜನ ಮನೆಗೆ ನುಗ್ಗಿ ನನ್ನ ಹೆಂಡತಿ ನೀಲಗಂಗಳ ಹೊಲಿಗೆ ಮಷಿನ್ನನ್ನು ಹೊತ್ತೊಯ್ದರು. ಅವಳ ತವರಿನವರು ಕೊಟ್ಟ, ಕೈಯಿಂದ ತಿರುಗಿಸುವ, ಕಟ್ಟಿಗೆ ಪೆಟ್ಟಿಗೆಯ ಮಷಿನ್ನು. ನಾನು ಒನಕೆ ಹಿಡಿದು ಆರು ಜನರನ್ನು ಉರುಳಿಸಿದೆ. ಏಳನೆಯವನು ಮಾತ್ರ ಮಷಿನ್ನಿನೊಡನೆ ಗೋಡೆ ಹಾರಿದ. ಮೊದಲು ಹೇಳುವಾಗ ದರೋಡೆಕೋರರು ಇಬ್ಬರೇ ಇದ್ದರು. ನನ್ನ ಕೀರ್ತಿ ಬೆಳೆದಂತೆ ಅವರೂ ಬೆಳೆದರು. ಕಥೆ ಕೇಳಿದವರೆಲ್ಲ ನೀಲಗಂಗಳ ಕಡೆ ನೋಡುತ್ತಿದ್ದರು. ಅವಳು ಸೂಜಿಗೆ ದಾರ ಪೋಣಿಸುತ್ತಾ ಸುಮ್ಮನಿರುತ್ತಿದ್ದಳು. ಆ ಮೌನವನ್ನು ನಾನು ಅಭಿಮಾನ ಎಂದುಕೊಂಡಿದ್ದೆ. ಹತ್ತು ವರ್ಷ ಅವಳು ಕೈಯಲ್ಲೇ ಹೊಲಿದು, ಬೆರಳ ತುದಿಗಳು ಜರಡಿಯಂತಾದ ಮೇಲೆ, ಎರಡು ವರ್ಷದ ಹಿಂದೆ ಅದೇ ನಮೂನೆಯ ಇನ್ನೊಂದು ಮಷಿನ್ನು ತಂದುಕೊಂಡಳು. ಅದು ಒಳಕೋಣೆಯಲ್ಲಿ ಟಕಟಕ ಎನ್ನುತ್ತಿದ್ದರೆ ಮನೆಗೆ ಎದೆಬಡಿತ ಬಂದಂತಿರುತ್ತಿತ್ತು.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ನನ್ನದೇ ಬಾಗಿಲನ್ನು ಯಾರೋ ಬಡಿದರು. ತೆರೆದೆ. ಬಡಕಲು ಮನುಷ್ಯ, ಕೊರಳಲ್ಲಿ ಟೈ, ಕೈಯಲ್ಲಿ ತನಗಿಂತ ದಪ್ಪನೆಯ ಚೀಲ. "ನಮಸ್ಕಾರ್ರೀ. ನಾ ಅಂಬಾದಾಸ. ಮನಿ ಸುರಕ್ಷತಾ ಸಾಮಾನು ಮಾರ್ತೀನ್ರಿ" ಎಂದು ಚೀಲ ಬಿಚ್ಚಿದ. ಬಾಗಿಲಿಗೆ ಹಾಕುವ ಸರಪಳಿ, ಆಚೆ ನಿಂತವರನ್ನು ನೋಡುವ ಗಾಜಿನ ಕಣ್ಣು, ಕಳ್ಳ ಕಾಲಿಟ್ಟರೆ ನಾಯಿಯಂತೆ ಬೊಗಳುವ ಪೆಟ್ಟಿಗೆ. "ಈ ಸರಪಳಿ ಹಾಕಿದ್ರ ನಿಮ್ಮ ಬಾಗಿಲಾ ಆನಿ ಬಂದ್ರೂ ತೆಗಿಯೂದಿಲ್ರಿ." ಅವನು ನಿಂತಿರುವಷ್ಟು ಹೊತ್ತು ನಮ್ಮ ಬಾಗಿಲು ಮುಚ್ಚಲಾರದು, ಮುಚ್ಚಲಾರದ ಬಾಗಿಲಿಗೆ ಅವನು ಸರಪಳಿ ಮಾರುತ್ತಿದ್ದಾನೆ. ನನಗೆ ಅವನ ಮೇಲೆ ಪ್ರೀತಿಯೇ ಬಂತು. ಪಾಪ, ಮೀಸೆಯ ಗೊರವಂಕ ಸಾಕು ಇವನಿಗೆ ಎಂದುಕೊಂಡು ಹೊಸ್ತಿಲ ಮೇಲೆ ಕೂತು ಶುರು ಮಾಡಿದೆ.

ಮೊದಲ ಮೊಟ್ಟೆ ಒಡೆಯಿತು. ಅಂಬಾದಾಸ ಚೀಲ ಎತ್ತಿಕೊಳ್ಳಲಿಲ್ಲ. ಚೀಲವನ್ನು ಕೆಳಗಿಟ್ಟು, ಅದರ ಮೇಲೆ ಕೂತು, ಗದ್ದಕ್ಕೆ ಕೈ ಕೊಟ್ಟು, "ಆಮ್ಯಾಲೆ ಏನಾತ್ರೀ?" ಎಂದ.

ನನ್ನ ಇಡೀ ಜೀವಮಾನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಏನಾಯಿತು ಎಂಬುದನ್ನು ನಾನೂ ಯೋಚಿಸಿರಲಿಲ್ಲ. ಅಷ್ಟು ದೂರ ಯಾರೂ ಬಂದವರೇ ಅಲ್ಲ. ಆದರೂ ಹೇಳಿದೆ. ಮರಿಗಳು ದೊಡ್ಡವಾದವು, ಅಜ್ಜ ಸೀನಿದ, ಊರಿನ ಆಕಾಶವೆಲ್ಲ ಗೊರವಂಕವಾಯಿತು. "ಅಬಾ," ಎಂದ ಅಂಬಾದಾಸ. "ಅಜ್ಜಾರು ಆಮ್ಯಾಲೆ ಮೀಸಿ ತೆಗೆಸಿದ್ರೇನ್ರಿ, ಹಂಗ ಬಿಟ್ಟಿದ್ರೇನ್ರಿ?" ಮಧ್ಯಾಹ್ನವಾಯಿತು. ಬಸ್ಸು ನುಂಗಿದ ಬಾವಿಯ ಕಥೆ ಹೇಳಿದೆ. ಸಂಜೆಯಾಯಿತು. ಒಂದೇ ಬೈಗುಳಕ್ಕೆ ಪೈಲ್ವಾನನ ಲಂಗೋಟಿ ಹರಿದ ಕಥೆ ಹೇಳಿದೆ. ಅವನು ಚೀಲವನ್ನೇ ತಲೆದಿಂಬು ಮಾಡಿಕೊಂಡು ಹೊಸ್ತಿಲ ಆಚೆ ಮಲಗಿ, ಬೆಳಿಗ್ಗೆ ಮುಖ ತೊಳೆದವನೇ, "ಆ ಬಸ್ಸಿನ ಕಂಡಕ್ಟರಾ ಬಾವ್ಯಾಗ ಟಿಕೀಟ ಕೊಡಾಕತ್ತಿದ್ದ ಅಂದ್ರಲ್ರೀ, ಯಾರಿಗ್ರೀ?" ಎಂದ.

ಬಾಗಿಲು ತೆರೆದೇ ಇತ್ತು. ತೆರೆದ ಬಾಗಿಲಿಗೆ ಬಡಿಯುವ ಅಗತ್ಯವೂ ಇಲ್ಲವಲ್ಲ. ಬುಧವಾರ ಎರಡು ಆಡು, ಒಬ್ಬ ಊದುಬತ್ತಿಯವ, ಮೂರು ನಾಯಿ ಅಡುಗೆಮನೆಯ ತನಕ ಹೋಗಿ ಬಂದವು. ನೀಲಗಂಗಾ ಪೊರಕೆ ಹಿಡಿದು ಅವುಗಳ ಹಿಂದೆ ಓಡುವುದು, ಮತ್ತೆ ಬಂದು ಮಷಿನ್ನಿಗೆ ಕೂರುವುದು, ಹೀಗೇ ನಡೆಯಿತು. ಶುಕ್ರವಾರದೊಳಗೆ ಒಂದು ಮದುವೆಯ ಹದಿನಾರು ಕುಪ್ಪಸ ಹೊಲಿದುಕೊಡಬೇಕಿತ್ತು ಅವಳಿಗೆ. ಮಧ್ಯಾಹ್ನದ ಹೊತ್ತಿಗೆ ನನ್ನ ಬೆನ್ನ ಹಿಂದೆ ಬಂದು ನಿಂತಳು. "ರೀ, ಆ ಸರಪಳಿ ಕೊಂಡು ಕಳಿಸಿಬಿಡ್ರಿ." ಸಾಗಹಾಕುವವನು ತನ್ನದೇ ಬಾಗಿಲಲ್ಲಿ ಕೊಳ್ಳುವುದೆಂದರೆ ಏನೆಂದು ಅವಳಿಗೆ ಗೊತ್ತಿಲ್ಲವೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಂಬಾದಾಸನೇ ಕೈ ಅಡ್ಡ ಮಾಡಿದ. "ಯವ್ವಾ, ಕೊಳ್ಳೂದು ತಗೊಳ್ಳೂದು ಆಮ್ಯಾಲೆ ನೋಡೂಣು. ಕಂಡಕ್ಟರಂದು ಮುಗೀಲಿ."

"ಮುಗಿಯೂದಿಲ್ಲಪ್ಪಾ," ಎಂದಳು ನೀಲಗಂಗಾ. "ನಾ ಲಗ್ನಾಗಿ ಬಂದು ಇಪ್ಪತ್ತಾರು ವರ್ಷ ಆತು, ಒಂದೂ ಮುಗಿದಿಲ್ಲ." ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಬಾಗಿಲಾ ತೆರೆದೈತಿ, ಒಳಗ ಮಷಿನ್ ಐತಿ. ನೆಪ್ಪಿರಲಿ," ಎಂದಳು.

"ನಾ ಇಲ್ಲಿ ಹುಲಿ ಕುಂತಂಗ ಕುಂತೀನಿ," ಎಂದೆ.

"ಹೌದು, ಆವತ್ತೂ ಕುಂತಿದ್ರಿ," ಎಂದು ಒಳಗೆ ಹೋದಳು. ಆ ಮಾತನ್ನು ನಾನು ಅಷ್ಟಾಗಿ ಗಮನಿಸಲಿಲ್ಲ. ಅಂಬಾದಾಸ ಕಾಯುತ್ತಿದ್ದ.

ಗುರುವಾರ ಓಣಿಯೇ ನೆರೆಯಿತು. ಎದುರು ಮನೆಯ ಹುಸೇನಬಿ, ಕಿಟಕಿಯಲ್ಲಿ ಕೂತು ಗುಂಡಿ ಹಚ್ಚುವ ಹೆಂಗಸು, ನಾಲಿಗೆಗೆ ಯಾವತ್ತೂ ಬಿಡುವು ಕೊಟ್ಟವಳಲ್ಲ. "ಏನಣ್ಣಾ, ನೀ ಅವನ್ನ ಸಾಗಹಾಕಾಕತ್ತೀಯೋ, ಸಾಕಾಕತ್ತೀಯೋ?" ಎಂದಳು. ಜನ ನಕ್ಕರು. ನಾನು ಕೇಳಿಸಿಕೊಳ್ಳದವನಂತೆ ಕಿರೀಟವನ್ನೇ ಹೊರಗೆ ತೆಗೆದೆ. ಏಳು ದರೋಡೆಕೋರರನ್ನು ಇಳಿಸಿದೆ. ಅಂಬಾದಾಸನ ಕಣ್ಣು ಹಪ್ಪಳದಷ್ಟು ಅಗಲವಾದವು. ಅವನ ಮುಖ ನೋಡಿ ನನಗೆ ಹುರುಪು ಬಂದು, ಏಳಕ್ಕೆ ಇನ್ನೂ ನಾಲ್ಕು ಸೇರಿಸಿದೆ. ಒನಕೆ ಎತ್ತಿದೆ. ಒಬ್ಬನನ್ನು ಉರುಳಿಸಿದೆ. ಇಬ್ಬರನ್ನು ಉರುಳಿಸಿದೆ. ಬೆನ್ನ ಹಿಂದಿನಿಂದ ಯಾರೋ, "ಸ್ವಲ್ಪ ಸರೀರಿ," ಎಂದರು. ಮೊಣಕಾಲು ಮಡಚಿಕೊಂಡು ಸರಿದೆ. ಯಾರದೋ ತಲೆಯ ಮೇಲಿನ ಹೊರೆ ಬಾಗಿಲ ಪಟ್ಟಿಗೆ ತಾಗೀತು ಎನ್ನಿಸಿ, ಮರ್ಯಾದಸ್ಥನಾದ್ದರಿಂದ, "ಸಾವಕಾಶ, ಹೊಸ್ತಿಲ ಐತಿ ನೋಡ್ರಿ," ಎಂದೂ ಹೇಳಿದೆ. ಮೂರನೆಯವನನ್ನು ಉರುಳಿಸಿದೆ.

ಒಂಬತ್ತನೆಯವನ ಹೊತ್ತಿಗೆ ಗಂಟಲು ಒಣಗಿತು. ಚಹಾ ತಾ ಎಂದು ಕೂಗಿದೆ. ಉತ್ತರವಿಲ್ಲ. ಆಗಲೇ ನನಗೆ ತಿಳಿದದ್ದು, ಮನೆಯಲ್ಲಿ ಟಕಟಕ ಇಲ್ಲ. ಎದ್ದು ಒಳಕೋಣೆಗೆ ಹೋದೆ. ಮಷಿನ್ನು ಇಡುವ ಜಾಗದಲ್ಲಿ ಎಣ್ಣೆಯ ಕಲೆ ಇತ್ತು, ಬತ್ತಿಯಷ್ಟು ನೀಲಿ ದಾರ ಇತ್ತು, ಮಷಿನ್ನಿರಲಿಲ್ಲ. ನನ್ನ ಕಾಲು ಅಲ್ಲೇ ಕಳಚಿಬಿದ್ದವು. ಅವುಗಳನ್ನು ಹೇಗೋ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಾಗ, ಎದುರು ಮನೆಯಿಂದ ಟಕಟಕ ಸದ್ದು ಬರುತ್ತಿತ್ತು. ಹುಸೇನಬಿಯ ಕಿಟಕಿಯಲ್ಲಿ ನೀಲಗಂಗಾ ಕೂತು, ಏನೂ ಆಗಿಲ್ಲವೆಂಬಂತೆ ಕುಪ್ಪಸ ಹೊಲಿಯುತ್ತಿದ್ದಳು.

"ಯಾವಾಗ ಹೋದಿ?" ಎಂದೆ.

"ನೀವು ಮೂರನೇದವನ್ನ ಬಡಿಯೂ ಮುಂದ," ಎಂದಳು ತಲೆ ಎತ್ತದೆ. "ಪೆಟ್ಟಿಗಿ ತಲಿ ಮ್ಯಾಲ ಹೊತ್ಕೊಂಡು, ಸ್ವಲ್ಪ ಸರೀರಿ ಅಂದ್ನಿ. ಸರಿದ್ರಿ. ಹೊಸ್ತಿಲ ಐತಿ ನೋಡ್ರಿ ಅಂದ್ರಿ." ದಾರ ಹಲ್ಲಲ್ಲಿ ಕಡಿದಳು. "ಹನ್ನೆರಡು ವರ್ಷದ ಹಿಂದ ಮಷಿನ್ ಒಯ್ದ ಕಳ್ಳಗೂ ಅದನ್ನಽ ಅಂದಿದ್ರಿ."

ಹುಸೇನಬಿ ಗುಂಡಿಯ ಡಬ್ಬಿ ಅಲುಗಾಡಿಸುತ್ತಾ, "ನಾ ಈ ಕಿಟಕ್ಯಾಗನಽ ಇದ್ನಲ್ಲಣ್ಣಾ," ಎಂದಳು. "ನೀನಽ ಕಾಲು ಮಡಚಿ ದಾರಿ ಬಿಟ್ಟಿ. ರಿಪೇರಿಗೆ ಒಯ್ಯಾಕತ್ತಾನೇನೋ ಅಂತ ನಾ ಸುಮ್ಮಕಾದೆ. ಆವತ್ತಽ ಸಂಜಿಗೆ ಆಕಿಗೆ ಹೇಳೇನಿ."

ಹನ್ನೆರಡು ವರ್ಷ. ನಾನು ಒನಕೆ ಎತ್ತಿದಾಗಲೆಲ್ಲ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಮನಿಗೆ ಬಾ," ಎಂದೆ. "ಆ ಮನ್ಯಾಗ ಬಾಗಿಲಿಲ್ಲ, ಬಾಯಿ ಐತಿ," ಎಂದಳು ನೀಲಗಂಗಾ. "ಬಾಗಿಲಾ ಮುಚ್ಚಿದ ಸದ್ದು ಕೇಳಿದ್ರ ನೋಡೂಣು. ಇಲ್ಲಾಂದ್ರ ಹುಸೇನಬಿ ಇಲ್ಲೇ ಇರು ಅಂದಾಳ."

ಅಂಬಾದಾಸ ನನ್ನ ಪಂಚೆಯ ಅಂಚು ಜಗ್ಗಿದ. "ಹತ್ತನೇದವಗ ಏನು ಮಾಡಿದ್ರೀ?"

ನಾನು ಕೂತೆ. ಅವನನ್ನು ಕಳಿಸಲು ಹೊಸ ಕಥೆಯೊಂದನ್ನು ಹುಡುಕಿದೆ. ನಿಮಗೆ ನಂಬಿಕೆ ಬರಲಿಕ್ಕಿಲ್ಲ, ನನ್ನೊಳಗೆ ಒಂದೂ ಉಳಿದಿರಲಿಲ್ಲ. ಕಾಳು ತುಂಬಿಡುವ ಹಗೇವಿನ ತಳದಲ್ಲಿ ಕೊನೆಗೆ ಉಳಿಯುವ ಕಾಳಿನಂತೆ ಇದ್ದದ್ದು ಒಂದೇ, ಅದೂ ನಿಜ. ಅದನ್ನೇ ಹೇಳಿದೆ. "ಹತ್ತನೇದವಾ ಇರಲಿಲ್ಲಪ್ಪಾ. ಏಳನೇದವಾನೂ ಇರಲಿಲ್ಲ. ಒಬ್ಬ ಬಂದಾ. ಬಿಳಿ ಅಂಗಿ. ಬಾಗಿಲಾ ಬಡಿದು ನೀರು ಕೇಳಿದಾ. ನೀರು ಕುಡಿದು, ನಿಮ್ಮ ಮಾರಿ ಮ್ಯಾಲ ಏನು ಕಳೆ ಐತ್ರೀ ಅಂದಾ. ನಾ ಇಲ್ಲೇ ಕುಂತ್ನಿ. ಆಕಿ ದಾರ ತರಾಕ ಪ್ಯಾಟಿಗೆ ಹೋಗಿದ್ಲು. ನಮ್ಮಜ್ಜನ ಮೀಸಿದು ಹೇಳಿದೆ. ಇನ್ನೊಬ್ಬ ಯಾವಾಗ ಒಳಗ ಹೋದ ನೋಡಲಿಲ್ಲ. ಹೊರಗ ಬರೂ ಮುಂದ, ಸ್ವಲ್ಪ ಸರೀರಿ ಅಂದಾ. ತಲಿ ಮ್ಯಾಲ ನನ್ನ ಹೇಣ್ತಿ ಮಷಿನ್ ಇತ್ತು. ಸರಿದೆ. ಹೊಸ್ತಿಲ ಐತಿ ನೋಡು ಅಂದ್ನಿ. ಬಿಳಿ ಅಂಗಿಯವಾ ಇನ್ನೂ ಅರ್ಧ ತಾಸು ಕುಂತು ಕೇಳಿದಾ. ಒನಕಿ ಆವತ್ತು ಅಟ್ಟದ ಮ್ಯಾಲ ಇತ್ತು."

ಎದುರು ಕಿಟಕಿಯಲ್ಲಿ ಟಕಟಕ ನಿಂತಿತ್ತು. ಅಂಬಾದಾಸ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಿನ ಹಪ್ಪಳ ಮೆಲ್ಲಗೆ ಮುದುರಿತು. ಎದ್ದು ನಿಂತು ಟೈ ಸರಿಮಾಡಿಕೊಂಡ. "ನೋಡ್ರೀ ಯಜಮಾನ್ರ," ಎಂದ. ಅವನಿಗೆ ನಿಜವಾಗಿಯೂ ನೋವಾಗಿತ್ತು. "ಮೂರು ದಿನ ಆತು, ನೀವು ಹೇಳಿದ್ದೆಲ್ಲಾ ನಂಬೇನಿ. ಮೀಸ್ಯಾಗ ಗೂಡು ಅಂದ್ರಿ, ನಂಬಿದೆ. ಬಾವ್ಯಾಗ ಬಸ್ಸು ಅಂದ್ರಿ, ನಂಬಿದೆ. ಆದ್ರ ತನ್ನ ಹೇಣ್ತಿ ಮಷಿನ್ ಒಯ್ಯೂ ಕಳ್ಳಗ ಕಾಲು ಮಡಚಿ ದಾರಿ ಬಿಟ್ಟು, ಹೊಸ್ತಿಲ ನೋಡು ಅನ್ನೂ ಮನುಷ್ಯಾ ಈ ಭೂಮಿ ಮ್ಯಾಲ ಇರಾಕ ಶಕ್ಯನಽ ಇಲ್ಲ. ನನ್ನ ಏನಂತ ತಿಳ್ಕೊಂಡೀರಿ? ಕೇಳಾವ ಸಿಕ್ಕಾನಂತ ಬಾಯಿಗೆ ಬಂದಿದ್ದು ಹೇಳಬಾರ್ದು." ಚೀಲ ಎತ್ತಿ ಹೆಗಲಿಗೆ ಹಾಕಿದ. "ಬರ್ತೀನ್ರಿ." ಹಿಂತಿರುಗಿ ನೋಡದೆ, ಸರಪಳಿಗಳನ್ನು ಝಣಝಣಿಸುತ್ತಾ ಓಣಿಯ ತಿರುವಿನಲ್ಲಿ ಮರೆಯಾದ.

ಮೂರು ದಿನ ಅಲುಗಾಡದ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ನಾನು ಒಳಗಿದ್ದೆ. ಹೇಳಿದೆನಲ್ಲ, ಆ ಸದ್ದಿನಷ್ಟು ಇಂಪಾದ ಸಂಗೀತ ನಾನು ಕೇಳಿಲ್ಲ ಎಂದು. ಆವತ್ತು ಅದು ಪೆಟ್ಟಿಗೆಯ ಮುಚ್ಚಳ ಹಾಕಿದಂತೆ ಕೇಳಿಸಿತು. ಕತ್ತಲು ಕೋಣೆ, ಎಣ್ಣೆಯ ಕಲೆ, ನಾನು. ನೀಲಗಂಗಳ ಕೆಮ್ಮಿಗೆ ಕಿವಿ ಕೊಟ್ಟು ನಿಂತೆ. ಅವಳದು ಗಂಟಲಲ್ಲಿ ಎರಡು ಸಲ ಸಣ್ಣಗೆ ಕೆರೆದುಕೊಳ್ಳುವ ಕೆಮ್ಮು. ಸಾವಿರ ಕೆಮ್ಮುಗಳಲ್ಲಿ ಗುರುತಿಸಬಲ್ಲೆ. ಇದು ಉತ್ಪ್ರೇಕ್ಷೆಯಲ್ಲ.

ಕೆಮ್ಮು ಬರಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ಮೂರು ಸಲ, ಹೊರಗಿನವರು ಬಡಿಯುವ ಹಾಗೆ.

ಅಂಬಾದಾಸನೇ ಮನಸ್ಸು ಬದಲಿಸಿ ಬಂದನೇನೋ ಎಂದು ಹೆದರುತ್ತಲೇ ತೆರೆದೆ. ನೀಲಗಂಗಾ ನಿಂತಿದ್ದಳು. ಮಷಿನ್ನಿನ ಪೆಟ್ಟಿಗೆ ಕಾಲ ಬಳಿ ಇತ್ತು. ಅವಳ ಹಿಂದೆ ಓಣಿಯೆಲ್ಲ ಉಸಿರು ಹಿಡಿದು ನಿಂತಿತ್ತು, ಯಾಕೆಂದರೆ ಆ ಬಡಿತ ಎಲ್ಲರಿಗೂ ಕೇಳಿಸಿತ್ತು.

"ನೀ ಬಡದಿ," ಎಂದೆ.

"ಬಡದ್ನಿ."

"ಕೆಮ್ಮು ಮರೆತ್ಯೇನು?"

"ಇಪ್ಪತ್ತಾರು ವರ್ಷದಾಗ ಒಮ್ಮೆರೆ ಮರೆತೀನೇನು?" ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಮ್ಮ ಬಾಗಿಲಾ ಮುಚ್ಚಿದ್ದಾಗ ನೀವು ಹೊರಗ ಹೋಗಿ ಊರ ಮಂದಿ ಮನಿ ಕಾದ್ರಿ. ಇನ್ನ ತೆರೆದ ಬಾಗಿಲದಾಗ ಕುಂತು ನಮ್ಮನಿ ಕಾಯ್ರಿ, ನೋಡೂಣು. ಮುಚ್ಚಬೇಕು ಅಂದ್ರ ದಾರಿ ಒಂದಽ. ನಾನಽ ಮನಸ್ಸು ಮಾಡಿ ಹೋಗಬೇಕು." ಬಗ್ಗಿ ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿ, ನನ್ನ ಮುಖ ನೋಡಿದಳು. "ಹೋಗಲ್ಯಾ?"

ಒಂದು ಕ್ಷಣದಲ್ಲಿ ಎಲ್ಲ ಕಣ್ಣ ಮುಂದೆ ಬಂತು. ಸ್ವಂತ ಬಾಗಿಲು ಮುಚ್ಚಲಾರದವನನ್ನು ಯಾರು ತಮ್ಮ ಬಾಗಿಲಿಗೆ ಕರೆಯುತ್ತಾರೆ? ಏಳು ಓಣಿಯ ರೊಟ್ಟಿ ಹೋಯಿತು. ಹುಸೇನಬಿಯ ನಾಲಿಗೆಗೆ ಇನ್ನು ಮೂವತ್ತು ವರ್ಷದ ಮೇವು. ಆಡು, ನಾಯಿ, ಊದುಬತ್ತಿ, ಬಿಳಿ ಅಂಗಿಯವರು, ಎಲ್ಲರೂ ಬರುತ್ತಾರೆ. ನಾನು ಬೆನ್ನು ಒಳಗೆ ಮಾಡಿ ಕೂರುವ ಹಾಗಿಲ್ಲ, ಇನ್ನು ಮುಖ ಒಳಗೆ ಮಾಡಿಯೇ ಕೂರಬೇಕು. ನಾಲಿಗೆಯಿಂದ ಕಿತ್ತುಹಾಕಿದ್ದ ಮಾತೊಂದು ಮತ್ತೆ ಬೇಕಾಗಿತ್ತು. ಇಪ್ಪತ್ತೆರಡು ಸಾವಿರ ಜನರ ಮುಂದೆ ಒಮ್ಮೆಯೂ ಆಡದೆ ಉಳಿಸಿಕೊಂಡಿದ್ದ ಮಾತು. ತುಕ್ಕು ಹಿಡಿದು ಹೊರಗೆ ಬರಲು ಒದ್ದಾಡಿತು.

"ಬ್ಯಾಡ," ಎಂದೆ.

"ಹಂಗಾದ್ರ ಸ್ವಲ್ಪ ಸರೀರಿ," ಎಂದಳು.

ನಾನು ಸರಿಯಲಿಲ್ಲ. ಬಗ್ಗಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದೆ. ಅದು ಅಷ್ಟು ಭಾರವಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಹಿಮ್ಮುಖವಾಗಿ, ಅವಳು ಮುಮ್ಮುಖವಾಗಿ, ಇಬ್ಬರೂ ಅದನ್ನೆತ್ತಿ ಒಳಗೆ ತರುತ್ತಿರುವಾಗ ಅವಳು ನನ್ನ ಕಾಲ ಕಡೆ ನೋಡಿದಳು.

"ಸಾವಕಾಶ," ಎಂದಳು ನೀಲಗಂಗಾ. "ಹೊಸ್ತಿಲ ಐತಿ."